ಮಗುಚಿ ಹಾಕಿದ ಕಲ್ಲು

ನಮ್ಮೂರ ಗುಡ್ಡದ ಒರತೆಯ ಪಕ್ಕದಲ್ಲಿ ಕೊಡ ಇಡುವುದಕ್ಕೆ ಒಂದು ಕರಿಕಲ್ಲಿನ ಚಪ್ಪಡಿಯಿದೆ. ಅದರ ಒಂದು ಅಂಚು ಮುರಿದಿದೆ. ತುಂಬಿದ ಕೊಡವನ್ನು ಅದರ ಮೇಲಿಟ್ಟು, ಸೆರಗು ಸರಿಮಾಡಿಕೊಂಡು, ಎರಡು ಮಾತಾಡಿ ಹೊರಡುವುದು ಹೆಂಗಸರ ರೂಢಿ. ಅದರ ಅಡಿಯಲ್ಲಿ ಏನಿದೆಯೆಂದು ಯಾರೂ ಕೇಳುವುದಿಲ್ಲ. ನನಗೆ ಗೊತ್ತು. ಅದನ್ನು ಅಲ್ಲಿ ಹಾಕಿದವರಲ್ಲಿ ನಾನೂ ಒಬ್ಬಳು.

ಒರತೆಯಿರುವ ಇಳಿಜಾರು ಇಡೀ ಊರಿಗೆ ಸೇರಿದ ಗೋಮಾಳ. ಇಟ್ಟಿಗೆ ಗೂಡಿನ ಹಾಲಪ್ಪನವರು ಅದನ್ನು ಕೊಂಡು ಕಲ್ಯಾಣಮಂಟಪ ಕಟ್ಟಿಸಲು ಹೊರಟಾಗ ಎದ್ದು ನಿಂತವಳು ನನ್ನ ದೊಡ್ಡಮ್ಮ ಗುರುಬಸಮ್ಮ. ಮೇಲಿನ ಕೇರಿಗೆ ಬೇಸಿಗೆಯಲ್ಲಿ ಇದ್ದದ್ದು ಅದೊಂದೇ ನೀರು. ದೊಡ್ಡಮ್ಮನದು ಹಿಟ್ಟಿನ ಗಿರಣಿ; ಊರಿನವರೆಲ್ಲ ಒಂದಲ್ಲ ಒಂದು ದಿನ ಅಲ್ಲಿಗೆ ಬರಲೇಬೇಕಿತ್ತು. "ಮೊದ್ಲು ಸೈ ಹಾಕು, ಆಮೇಲೆ ಜೋಳ ಸುರಿ," ಎಂದು ಅರ್ಜಿ ಮುಂದೆ ಹಿಡಿಯುತ್ತಿದ್ದಳು. ಕಚೇರಿಯಲ್ಲಿ ಅರ್ಜಿ ಬಿಡಿಸಿದಾಗ ಹಿಟ್ಟು ಹಾರಿ ಸಾಹೇಬರು ಸೀನಿದರಂತೆ. ಸೀನುತ್ತಲೇ ಓದಿದರೆನ್ನಿ. ಬಹಳ ಓಡಾಟದ ಮೇಲೆ, ಜಾಗ ಊರಿನದೇ ಎಂದು ಆದೇಶ ಬಂತು.

ಗೆದ್ದ ಮೇಲೆ ಸುಮ್ಮನೆ ಕೂರುವ ಜನವೇ ನಾವು? ಒರತೆಗೆ ಒಂದು ಅಂದ ಬೇಡವೇ ಎಂದು, ಒರತೆಗಾಗಿ ನಾವು ಕಟ್ಟಿಕೊಂಡಿದ್ದ ಸಮಿತಿಯ ಕಾರ್ಯದರ್ಶಿ ರೇವಣ್ಣ ಹೊರಟ. ನೀರು ಜಿನುಗುತ್ತಿದ್ದ ಬಂಡೆಯ ಬಿರುಕುಗಳಿಗೆಲ್ಲ ಸಿಮೆಂಟು ಮೆತ್ತಿ, ಕಟ್ಟೆ ಕಟ್ಟಿ, ಮಧ್ಯದಲ್ಲೊಂದು ಕೊಳವೆ ಇಟ್ಟು, ಅದರ ನೆತ್ತಿಗೆ ಶಿಲಾಫಲಕ ನಿಲ್ಲಿಸಿದೆವು. 'ಈ ಒರತೆಯನ್ನು ಉಳಿಸಿದವರು' ಎಂಬ ಸಾಲಿನ ಕೆಳಗೆ ಮೊದಲ ಹೆಸರು ದೊಡ್ಡಮ್ಮನದು.

ಗಿರಣಿಯನ್ನು ಅರ್ಧ ಆಯುಷ್ಯ ನಡೆಸಿದವಳು ಅವಳು, ಆದರೆ ಬೋರ್ಡಿನ ಮೇಲಿದ್ದದ್ದು ತೀರಿಹೋದ ದೊಡ್ಡಪ್ಪನ ಹೆಸರು. ತನ್ನ ಹೆಸರನ್ನು ಹತ್ತು ಜನ ಓದುವ ಜಾಗದಲ್ಲಿ ಅವಳು ಕಂಡದ್ದು ಅದೇ ಮೊದಲು. ಸಂಜೆಯಾದರೆ ಒಂದು ಬಟ್ಟೆ ಹಿಡಿದು ಗುಡ್ಡ ಹತ್ತಿ ಕಲ್ಲನ್ನು ಒರೆಸಿ ಬರುತ್ತಿದ್ದಳು. "ಒರೆಸಿ ಒರೆಸಿ ಅಕ್ಷರ ಸವೀತಾವೆ," ಎಂದು ನಾನು ಕಾಡಿಸಿದರೆ ನಾಚಿಕೊಳ್ಳುತ್ತಿದ್ದಳು.

ಬೇಸಿಗೆ ಕಾಲಿಡುವ ಮೊದಲೇ ಕೊಳವೆಯಲ್ಲಿ ನೀರು ಸಣ್ಣಗಾಯಿತು. ಆಮೇಲೆ ಹನಿಯಾಯಿತು. ಒಂದು ದಿನ ಅದೂ ನಿಂತಿತು. ಸೋತ ಹೊಟ್ಟೆಕಿಚ್ಚಿಗೆ ಹಾಲಪ್ಪನವರೇ ಬೋರ್ ಕೊರೆಸಿ ನೀರು ಎಳೆದುಕೊಂಡಿದ್ದಾರೆ ಎಂದು ಊರೆಲ್ಲ ಗುಲ್ಲಾಯಿತು. ನಮಗೂ ಅದರಲ್ಲಿ ಎಳ್ಳಷ್ಟು ಅನುಮಾನವಿರಲಿಲ್ಲ. ದೊಡ್ಡಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಖಾಲಿ ಕೊಡ ಹಿಡಿದೇ ಗುಡ್ಡದ ಬುಡದ ಇಟ್ಟಿಗೆ ಗೂಡಿಗೆ ನಡೆದಳು. ರೇವಣ್ಣನೂ ನಾನೂ ಹಿಂದೆ ಹೋದೆವು.

ನಾವು ಬಾಯಿ ತೆರೆಯುವ ಮೊದಲೇ ಹಾಲಪ್ಪನವರು ಎದುರಿಗೆ ಬಂದರು. ಮೊಣಕಾಲಿನವರೆಗೆ ಕೆಸರು.

"ಬರ್ರಿ ತಾಯಿ, ನಾನೇ ಬರೋನಿದ್ದೆ. ಜಾಗ ಕಿತ್ಕೊಂಡಿದ್ದು ಸಾಲ್ದು ಅಂತ ಈಗ ನೀರು ಬೇರೆ ಬಿಟ್ಟೀರೇನು? ನೋಡ್ರಿ ಇಲ್ಲಿ."

ಒಣಗಲು ಜೋಡಿಸಿದ್ದ ಹಸಿ ಇಟ್ಟಿಗೆಗಳು ಬುಡದಿಂದ ಕರಗಿ ಒಂದರ ಮೇಲೊಂದು ಕುಸಿದಿದ್ದವು. ಅವುಗಳ ಹಿಂದೆ ಗುಡ್ಡ ಕಡಿದ ದರೆಯಿಂದ ತಿಳಿನೀರು ಜಿನುಗುತ್ತಿತ್ತು. ದೊಡ್ಡಮ್ಮ ಬಗ್ಗಿ ಬೊಗಸೆಯಲ್ಲಿ ಹಿಡಿದು ಕುಡಿದಳು. ಆಮೇಲೆ ತಲೆಯೆತ್ತಿ, ನೇರ ಮೇಲೆ ಕಾಣುತ್ತಿದ್ದ ನಮ್ಮ ಬೆಳ್ಳನೆಯ ಕಟ್ಟೆಯನ್ನು ನೋಡಿದಳು. ಅವಳ ಮುಖ ಇಳಿದುಹೋಯಿತು.

"ಇದು ನಮ್ದೇ ನೀರು ಕಣಪ್ಪ. ನಾವೇ ಒರತೆ ಬಾಯಿ ಮುಚ್ಚಿ ಇಲ್ಲಿಗೆ ಓಡಿಸೀವಿ."

ರೇವಣ್ಣ ದಾರಿಯುದ್ದಕ್ಕೂ ಉಪಾಯ ಹುಡುಕಿದ. "ಕಟ್ಟೆ ಪಕ್ಕ ಒಂದು ತೂತು ಕೊರೆಸಿದ್ರೆ ಆತು. ಕಲ್ಲು ಹಂಗೇ ಇರ್ಲಿ, ದೊಡ್ಡಮ್ಮ."

"ಕಲ್ಲು ನಿಂತಿರೋದೇ ಒರತೆ ಬಾಯಿ ಮೇಲೆ. ಊರಿನ ನೀರು ಊರಿನ ಜಾಗದಾಗೆ ಬರ್ಬೇಕು ಅಂತ ತಾನೇ ನಾವು ಅಷ್ಟು ಅಲೆದಿದ್ದು?"

ಮಾರನೆಯ ಬೆಳಿಗ್ಗೆ ಹಾರೆಯ ಮೊದಲ ಏಟು ಹಾಕಿದವಳು ಅವಳೇ. ಎರಡನೆಯದಕ್ಕೆ ಎತ್ತಿದ ಹಾರೆಯನ್ನು ಹಾಗೇ ಇಳಿಸಿದಳು. ಆಗ ಗುಡ್ಡ ಹತ್ತಿ ಬಂದ ಹಾಲಪ್ಪನವರು ಹಾರೆಯನ್ನು ಇಸಿದುಕೊಂಡರು. "ನಾ ಬಂದಿರೋದು ನನ್ನ ಇಟ್ಟಿಗೆಗೋಸ್ಕರ, ನಿಮ್ಮ ಒರತೆಗಲ್ಲ," ಎಂದು ಮೊದಲೇ ಹೇಳಿಬಿಟ್ಟರು. ಮಧ್ಯಾಹ್ನದ ಹೊತ್ತಿಗೆ ಕಟ್ಟೆ ಪುಡಿಯಾಗಿತ್ತು. ಫಲಕ ಒಂದು ಅಂಚು ಮುರಿದು ಇಡಿಯಾಗಿಯೇ ಕಳಚಿ ಪಕ್ಕದ ಹಳ್ಳಕ್ಕೆ ಉರುಳಿತು.

ನೀರು ತಕ್ಷಣ ಬರಲಿಲ್ಲ. ದೊಡ್ಡಮ್ಮ ಗಿರಣಿಯಲ್ಲಿ ಮನಸ್ಸು ನಿಲ್ಲದೆ, ರಾಗಿ ಜೋಳ ಬೆರೆಸಿ ಬೀಸಿ ಜನರಿಂದ ಅನ್ನಿಸಿಕೊಂಡಳು. ಮನುಷ್ಯರ ಹಾಗೆ ಒರತೆಯೂ ಮುನಿಸಿಕೊಳ್ಳುತ್ತದೆಯೇ ಎಂದು ನನಗೂ ಹೆದರಿಕೆಯಾಗಿತ್ತು. ಆಮೇಲೊಂದು ಬೆಳಿಗ್ಗೆ ಬಂಡೆ ಒದ್ದೆಯಾಗಿತ್ತು. ಕೆಲವು ದಿನ ಕಳೆದು ಅಲ್ಲಿ ಕೊಡ ತುಂಬುವಷ್ಟು ನೀರು ಬಂತು. ಕೆಳಗೆ ಹಾಲಪ್ಪನವರ ಅಂಗಳವೂ ಒಣಗಿತು.

ಹಳ್ಳಕ್ಕೆ ಬಿದ್ದಿದ್ದ ಫಲಕವನ್ನು ನಾವು ನಾಲ್ಕೈದು ಜನ ಎತ್ತಿ ತಂದೆವು. ಕೆಸರಿನಲ್ಲಿ ಕೊಡ ಇಡುವುದಕ್ಕೊಂದು ಕಲ್ಲು ಬೇಕಿತ್ತು.

"ಹೆಸರು ಮೇಲೆ ಬರ್ಲಿ. ನೀರಿಗೆ ಬಂದೋರು ನೆನೀಲಿ," ಎಂದ ರೇವಣ್ಣ.

ದೊಡ್ಡಮ್ಮ ಕುಕ್ಕರುಗಾಲಲ್ಲಿ ಕೂತು ಸೆರಗಿನಿಂದ ಮಣ್ಣು ಒರೆಸಿದಳು. ತನ್ನ ಹೆಸರಿನ ಮೇಲೆ, ಒಂದೊಂದೇ ಅಕ್ಷರ ತಿದ್ದುವ ಹಾಗೆ, ಬೆರಳು ಆಡಿಸಿದಳು.

"ಅಕ್ಷರದ ಮೇಲೆ ಕೊಡ ನಿಲ್ಲಲ್ಲ, ಅಲ್ಲಾಡ್ತದೆ. ಮಗುಚಿ ಹಾಕ್ರಿ," ಎಂದಳು.

ಕೆತ್ತಿದ ಅಕ್ಷರ ಕಲ್ಲಿನ ಒಳಗಿರುತ್ತದೆ, ಅದರ ಮೇಲೆ ಯಾವ ಕೊಡವೂ ಅಲ್ಲಾಡುವುದಿಲ್ಲ ಎಂದು ನಮಗೆಲ್ಲ ಗೊತ್ತಿತ್ತು. ಆದರೂ ಮಗುಚಿ ಹಾಕಿದೆವು. ಅವಳು ತನ್ನ ತುಂಬಿದ ಕೊಡವನ್ನು ಅದರ ಮೇಲಿಟ್ಟು, ಕಂಠ ಹಿಡಿದು ಒಮ್ಮೆ ಅಲ್ಲಾಡಿಸಿ ನೋಡಿದಳು. ಕೊಡ ನೆಟ್ಟಗೆ ನಿಂತಿತ್ತು.