ಸೀಟಿನ ಮೇಲಿನ ಚಪ್ಪಲಿ

ದೂರದೂರಿಗೆ ಹೋಗುವ ಲಾರಿಯಲ್ಲಿ ಇಬ್ಬರು ಡ್ರೈವರುಗಳಿದ್ದರೆ ಒಬ್ಬ ಓಡಿಸುತ್ತಾನೆ, ಇನ್ನೊಬ್ಬ ಸೀಟಿನ ಹಿಂದೆ ಪರದೆ ಎಳೆದುಕೊಂಡು ಮಲಗುತ್ತಾನೆ. ಲಾರಿ ನಿಂತಾಗ ಮಲಗಿದವನು ಕೆಳಗಿಳಿದರೆ, ತನ್ನ ಒಂದು ಚಪ್ಪಲಿಯನ್ನು ಡ್ರೈವರ್ ಸೀಟಿನ ಮೇಲಿಟ್ಟು ಹೋಗಬೇಕು. ಓಡಿಸುವವನು ಬಂದಾಗ ಚಪ್ಪಲಿ ಕಂಡರೆ ಕಾಯುತ್ತಾನೆ, ಇಲ್ಲದಿದ್ದರೆ ಹೊರಡುತ್ತಾನೆ. ಕೆಲಸಕ್ಕೆ ಸೇರಿದ ದಿನವೇ ಮಾವ ಅಳಿಯನಿಗೆ ಹೇಳಿಕೊಟ್ಟ ಪಾಠ ಇದು. ಮರೆಯದಿರಲಿ ಎಂದು ತಲೆಗೊಂದು ಮೊಟಕನ್ನೂ ಕೊಟ್ಟಿದ್ದರು.

ಮನೆಯಲ್ಲಿ, ಮಗಳ ಎದುರು, "ಅಳಿಯಂದ್ರೇ, ಇನ್ನೊಂಚೂರು ಬಡಿಸ್ಲಾ?" ಎಂದು ಉಪಚರಿಸುತ್ತಿದ್ದ ಈ ಮಹಾನುಭಾವರು ಲಾರಿ ಹತ್ತಿದ್ದೇ ತಡ "ಲೋ" ಎನ್ನುತ್ತಿದ್ದರು. ಗೇರು ಕರ್ರೆಂದರೆ ಮೊಟಕು. ಮುಂದಿನ ಗಾಜನ್ನು ಎಷ್ಟು ತಿಕ್ಕಿದರೂ "ಮಂಜುಮಂಜಾಗಿದೆ, ಒರೆಸೋಕೂ ಬರಲ್ವಾ?" ಎಂದು ಮೊಟಕು. ತಾವು ಓಡಿಸುವಾಗ ಅಳಿಯನಿಗೆ ಓದಿನ ಪರೀಕ್ಷೆ ಬೇರೆ. "ಮುಂದಿನ ಬೋರ್ಡಲ್ಲಿ ಏನಿದೆ? ಓದು, ನೋಡೋಣ." ಓದುವುದು ಒಂದು ಕ್ಷಣ ತಡವಾದರೂ ಮೊಟಕು. ಮದುವೆಯಾದ ಗಂಡಸು, ಮೀಸೆ ಹೊತ್ತವನು, ಶಾಲೆಯ ಹುಡುಗನ ಹಾಗೆ ತಲೆ ಉಜ್ಜಿಕೊಂಡು ಓದುತ್ತಿದ್ದ.

ಸಹಿಸಿಕೊಂಡಿದ್ದು ಒಂದೇ ಕಾರಣಕ್ಕೆ. ಮಾಲೀಕರ ಶೆಡ್ಡಿನಲ್ಲಿ ಹೊಸ ಲಾರಿಯೊಂದು ಧೂಳು ತಿನ್ನುತ್ತ ನಿಂತಿತ್ತು. ಇವನು ಪಳಗಿದ್ದಾನೆ ಎಂದು ಮಾವ ಒಂದು ಮಾತು ಹೇಳಿದರೆ ಅದು ಅಳಿಯನ ಕೈಗೆ. ಆದರೆ ಪ್ರತಿ ಸಲವೂ ಮಾವ ಮಾಲೀಕರ ಮುಂದೆ ತಲೆಯಾಡಿಸುತ್ತಿದ್ದರು. "ಇನ್ನೂ ಹದಕ್ಕೆ ಬಂದಿಲ್ಲ ಸಾರ್."

ಆ ಮಧ್ಯಾಹ್ನ ಪೆಟ್ರೋಲ್ ಬಂಕಿನಲ್ಲಿ ಡೀಸೆಲ್ ಹಾಕಿಸಲು ನಿಲ್ಲಿಸಿದರು. ಮಾವ ಟೀ ಕುಡಿಯಲು ಹೋದರು. ಪರದೆಯ ಹಿಂದೆ ಮಲಗಿದ್ದ ಅಳಿಯ ಎದ್ದು, ಸವೆದು ತಗಡಾಗಿದ್ದ ಬಲಗಾಲಿನ ಚಪ್ಪಲಿಯನ್ನು ಸೀಟಿನ ಕಂಬಳಿಯ ಮೇಲಿಟ್ಟು, ಕುಂಟುತ್ತ ಪಾಯಖಾನೆಗೆ ಹೋದ. ಹೊರಬಂದಾಗ ಲಾರಿ ರಸ್ತೆಗೆ ತಿರುಗುತ್ತಿತ್ತು.

"ಮಾವಾ! ಮಾವಾ!" ಎಂದು ಕೂಗುತ್ತ ಕಾದ ಸಿಮೆಂಟಿನ ಮೇಲೆ ಓಡಿದ. ಬಂಕಿನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಫೋನು ಲಾರಿಯಲ್ಲೇ ಉಳಿದಿತ್ತು. ನಗು ಮುಗಿದ ಮೇಲೆ ಅವರಲ್ಲೊಬ್ಬ ತನ್ನ ಫೋನು ಕೊಟ್ಟ.

"ಮಾವ, ನಾನು. ಬಂಕಲ್ಲೇ ಇದೀನಿ."

ಆ ಕಡೆ ಪರದೆ ಸರ್ರೆಂದು ಸರಿದ ಸದ್ದು. ಆಮೇಲೆ, "ಇರು ಅಲ್ಲೇ. ಬುದ್ಧಿ ಬರ್ಲಿ," ಎಂದು ಫೋನಿಟ್ಟರು.

ಹಾಲಿನ ಟ್ಯಾಂಕರಿನವನೊಬ್ಬ ಕರುಣೆಯಿಂದ ಹತ್ತಿಸಿಕೊಂಡ. ಸರಕು ಇಳಿಸುವ ಗೋದಾಮಿಗೆ ಅಳಿಯ ತಲುಪಿದಾಗ ಮಾವ ಹತ್ತಾರು ಡ್ರೈವರುಗಳ ನಡುವೆ ನಿಂತು ಕತೆ ಹೇಳುತ್ತಿದ್ದರು. "ಚಪ್ಪಲಿ ಕಂಡೆ. ಕಂಡೂ ಗಾಡಿ ಬಿಟ್ಟೆ. ನಾವೆಲ್ಲ ಕಲಿತಿದ್ದು ಹೀಗೇ ಅಲ್ವಾ?"

"ಬಂದ್ರಪ್ಪಾ ಒಂಟಿ ಚಪ್ಪಲಿ ಸಾಹೇಬ್ರು!" ಎಂದು ಯಾರೋ ಕೂಗಿದರು. ಅಂಗಾಲಿನಲ್ಲಿ ಬೊಬ್ಬೆ ಎದ್ದಿತ್ತು. ಅಳಿಯ ಅವಮಾನ ನುಂಗಿಕೊಂಡು, ಇನ್ನೊಂದು ಚಪ್ಪಲಿ ಹುಡುಕಲು ಲಾರಿ ಹತ್ತಿದ.

ಕಾಲಡಿ ಇರಲಿಲ್ಲ. ಪರದೆಯ ಹಿಂದೆಯೂ ಇರಲಿಲ್ಲ. ಡ್ರೈವರ್ ಸೀಟಿನ ಮೇಲೆ, ಅವನು ಇಟ್ಟ ಜಾಗದಲ್ಲೇ, ಕಂಬಳಿಯೊಳಗೆ ಹೂತುಕೊಂಡು ಬಿದ್ದಿತ್ತು. ಮುಟ್ಟಿದರೆ ಇನ್ನೂ ಬೆಚ್ಚಗಿತ್ತು.

ಕಂಡವನು ಅದನ್ನು ಎತ್ತಿ ಬಿಸಾಕುತ್ತಾನೆ. ಕಂಡೂ ಕಂಡೂ ಅಳಿಯನ ಚಪ್ಪಲಿಯ ಮೇಲೆ ಕೂರುವ ಮಾವ ಯಾವ ಲೋಕದಲ್ಲೂ ಇಲ್ಲ. ಅಂದರೆ ಇವರಿಗೆ ಕಂಡೇ ಇರಲಿಲ್ಲ. ಒರೆಸಿದಷ್ಟೂ ಮಂಜಾಗುವ ಗಾಜು, ಓದಿಸುವ ಬೋರ್ಡು, ಎಂದೂ ಬಾರದ ಹದ, ಎಲ್ಲ ಒಟ್ಟಿಗೆ ಅರ್ಥವಾಯಿತು. ಅಳಿಯನಿಗೆ ಬೇರೆ ಲಾರಿ ಸಿಕ್ಕರೆ ಮಾವನಿಗೆ ಬೋರ್ಡು ಓದುವವರು ಯಾರು? ಅಯ್ಯೋ ಪಾಪ ಎನಿಸಬೇಕಿತ್ತು. ಅಳಿಯನಿಗೆ ಖುಷಿಯಾಯಿತು.

ಸರಕು ಇಳಿಸಿ ಹೊರಟರು. ಮಾವನೇ ಓಡಿಸುತ್ತಿದ್ದರು.

"ಮುಂದಿನ ಬೋರ್ಡಲ್ಲಿ ಏನಿದೆ? ಓದು."

ಅಳಿಯ ಪಕ್ಕದ ಕಿಟಕಿಯಾಚೆ ನೋಡಿದ.

"ಲೋ, ಕಿವಿ ಕೇಳಲ್ವಾ? ಓದೋ!"

"ನೀವೇ ಓದಿ ಮಾವ."

ಮೊಟಕಲು ಎತ್ತಿದ ಕೈ ಹಾಗೇ ನಿಂತಿತು.

"ಬಂಕಿಂದ ಚಪ್ಪಲಿ ಮೇಲೇ ಕೂತು ಬಂದ್ರಲ್ಲ, ಒತ್ತಲಿಲ್ವಾ?"

ಮಾವ ಲಾರಿಯನ್ನು ರಸ್ತೆಯ ಅಂಚಿಗೆ ತಂದು ನಿಲ್ಲಿಸಿದರು. "ಕಣ್ಣು ಕೈ ಕೊಡ್ತಿದೆ ಅಳಿಯಂದ್ರೇ. ಇನ್ನು ಸರಿ ಹೋಗಲ್ಲ ಅಂದ್ರು ಡಾಕ್ಟ್ರು. ಯಾರಿಗೂ ಹೇಳ್ಬೇಡಿ. ಈ ಗಾಡಿ ಬಿಟ್ರೆ ನಾನು ಯಾರು? ನೀವು ಓಡ್ಸಿ, ನಾನು ಪಕ್ಕದಲ್ಲಿ ಕೂತಿರ್ತೀನಿ. ಹೀಗೇ ಒಟ್ಟಿಗೆ ಹೋಗೋಣ."

ಲಾರಿಯೊಳಗೆ ಮೊದಲ ಸಲ 'ಅಳಿಯಂದ್ರೇ' ಕೇಳಿಬಂದಿತ್ತು. ಜಾಗ ಬದಲಾಯಿತು. ಸ್ವಲ್ಪ ದೂರ ಹೋದ ಮೇಲೆ ಅಳಿಯ ಕೇಳಿದ, "ಮುಂದಿನ ಬೋರ್ಡಲ್ಲಿ ಏನಿದೆ? ಓದಿ ಮಾವ, ನೋಡೋಣ."

ಮಾವ ಗಾಜಿಗೆ ಮೂಗು ತಾಗುವಷ್ಟು ಬಾಗಿದರು. ಕಣ್ಣು ಕಿರಿದು ಮಾಡಿದರು. "ಸೇತುವೆ... ಮುಂದೆ ಸೇತುವೆ ಇದೆ ಅಂತ."

ರಸ್ತೆಯಲ್ಲಿ ಬೋರ್ಡೇ ಇರಲಿಲ್ಲ. ಅಳಿಯ ಕೈ ಚಾಚಿ, ಆ ನರೆತ ತಲೆಗೆ ಮೆಲ್ಲಗೆ ಒಂದು ಮೊಟಕು ಕೊಟ್ಟ. ಮಾವ ತಲೆ ಉಜ್ಜಿಕೊಳ್ಳಲೂ ಇಲ್ಲ.

"ಮಾಲೀಕರಿಗೆ ಫೋನ್ ಮಾಡ್ತೀನಿ. ನಾನು ಹದಕ್ಕೆ ಬಂದೆ ಅಂತ ಹೇಳಿ."

ಮಾವ ಹೇಳಿದರು. ಸ್ಪೀಕರಿನಲ್ಲಿ ಮಾಲೀಕರ ದನಿ ಅರಳಿತು. "ಶಹಭಾಸ್! ನಾಳೆಯಿಂದ್ಲೇ ಅವನಿಗೆ ಹೊಸ ಗಾಡಿ. ನಿಮ್ಮ ಜೊತೆಗೆ ಬೇರೆ ಹುಡುಗನ್ನ ಹಾಕ್ಲಾ?"

"ಹೂಂ ಸಾ..." ಎಂದು ಮಾವ ಬಾಯಿ ತೆರೆಯುವಷ್ಟರಲ್ಲಿ ಅಳಿಯ ಅಡ್ಡ ಬಂದ. "ಬೇಡ್ವಂತೆ ಸಾರ್. ಹೊಸಬರ ಕಾಟ ಸಾಕಾಗಿದೆಯಂತೆ. ಒಬ್ರೇ ಹೋಗ್ತಾರಂತೆ."

"ಹೌದಾ ಯಜಮಾನ್ರೇ?"

ಮಾವ ಅಳಿಯನ ಕಡೆ ತಿರುಗಿದರು. ಅಳಿಯ ರಸ್ತೆ ನೋಡುತ್ತಿದ್ದ.

"ಹೌದು ಸಾರ್," ಎಂದರು ಮಾವ.

ಫೋನು ನಿಂತ ಮೇಲೆ ಮಾವ ಕೇಳಿದರು, "ಯಾಕೆ ಅಳಿಯಂದ್ರೇ ಹೀಗೆ ಮಾಡಿದ್ರಿ?"

"ಬುದ್ಧಿ ಬರ್ಲಿ ಅಂತ ಮಾವ," ಎಂದು ಅಳಿಯ ಗೇರು ಬದಲಿಸಿದ. ಈ ಸಲ ಅದು ಕರ್ರೆನ್ನಲಿಲ್ಲ.