ಉದಾಹರಣೆ ವಾಕ್ಯ ಹೊತ್ತ ಹಲಗೆ

ನಾನು ಒಂದು ಕರಿಹಲಗೆ. ತರಗತಿಯ ಗೋಡೆ ತುಂಬ ಮೆರೆಯುವ ದೊಡ್ಡ ಹಲಗೆಯಲ್ಲ. ಪ್ರಾರ್ಥನೆಯ ಅಂಗಳದಲ್ಲಿ ಮೊಳೆಗೆ ನೇತಾಡುವ ಚಿಕ್ಕದು. ನರಗುಂದದ ಬಡಿಗೇರ ಈರಪ್ಪ ಯಾರದೋ ಮನೆಗೆ ಬಾಗಿಲು ಮಾಡಿ, ಮಿಕ್ಕ ಸಾಗವಾನಿ ತುಂಡುಗಳನ್ನು ಜೋಡಿಸಿ ನನ್ನನ್ನು ಮಾಡಿದ. ಬಾಗಿಲೇ ಆಗಿದ್ದರೆ ಬಂದವರ ಮುಖ ನೋಡುತ್ತಾ ಆರಾಮ ಇರುತ್ತಿದ್ದೆ. ಏನು ಮಾಡುವುದು, ನನ್ನ ಪಾಲಿಗೆ ಬಂದದ್ದು ಬರೆಸಿಕೊಳ್ಳುವುದು, ಒರೆಸಿಕೊಳ್ಳುವುದು.

ಸುತ್ತಲಿನ ಹಳ್ಳಿಗಳ ಮಕ್ಕಳು ಬರುವ ಒಂದು ಕನ್ನಡ ಮಾಧ್ಯಮದ ಹೈಸ್ಕೂಲಿಗೆ ನನ್ನನ್ನು ತಂದರು. ನೆತ್ತಿಯ ಮೇಲೆ ಬಿಳಿ ಬಣ್ಣದಲ್ಲಿ ‘ಇಂದಿನ ಪದ’ ಎಂದು ಬರೆಸಿದರು. ದಿನಾ ಬೆಳಿಗ್ಗೆ ಇಂಗ್ಲಿಷ್ ಕಲಿಸುವ ಮುದೇನೂರ ಸರ್ ಒಂದು ಪದ ಕೊಡುತ್ತಿದ್ದರು. ಹತ್ತನೆಯ ತರಗತಿಯವರು ಪಾಳಿಯ ಪ್ರಕಾರ ಬಂದು, ಹಿಂದಿನ ದಿನದ್ದನ್ನು ಒದ್ದೆ ಬಟ್ಟೆಯಿಂದ ಒರೆಸಿ, ಹೊಸ ಪದ, ಅದರ ಅರ್ಥ, ಒಂದು ಉದಾಹರಣೆ ವಾಕ್ಯ ಬರೆದು ಜೋರಾಗಿ ಓದಬೇಕು. ವಾಕ್ಯ ತಪ್ಪಿಲ್ಲದಿದ್ದರೆ ಸರ್ ಎಲ್ಲರಿಂದ ಚಪ್ಪಾಳೆ ಹೊಡೆಸುತ್ತಿದ್ದರು. ವರ್ಷಕ್ಕೊಮ್ಮೆ ತೊಂಡೆ ಎಲೆ, ಇದ್ದಿಲು ಅರೆದು ನನ್ನ ಮೈಗೆ ತಿಕ್ಕುವರು. ನನಗೆ ಸಿಕ್ಕ ಉಪಚಾರ ಅದೊಂದೇ.

ಸಾಕಾಗಿ ಹೋಗಿತ್ತು ನನಗೆ. ರಾಜ ಉದಾರಿ, ಸೀತಾ ಚುರುಕು, ಗೋಪಾಲನಿಗೆ ರೈಲು ತಪ್ಪಿತು. ಈ ಗೋಪಾಲ ಯಾರು, ಕೊನೆಗೆ ಊರು ಮುಟ್ಟಿದನೋ ಇಲ್ಲವೋ ಎಂದು ಒಬ್ಬರೂ ಕೇಳಲಿಲ್ಲ. ಎಲ್ಲ ಗೈಡಿನಿಂದ ಇಳಿದು ಬಂದ ಜನ. ಉದಾಹರಣೆ ಅಂದಮೇಲೆ ಅದು ನಿಜವಲ್ಲ ಎನ್ನುವುದು ಶಾಲೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಮಾತು.

ಸರ್ ಕೆಟ್ಟವರಲ್ಲ. ನಮ್ಮ ಮಕ್ಕಳು ಕಾಲೇಜಿಗೆ ಹೋಗಿ ಇಂಗ್ಲಿಷ್ ಪುಸ್ತಕಕ್ಕೆ ಹೆದರಿ ಓಡಿ ಬರುತ್ತಾರಲ್ಲ ಎಂಬ ಸಂಕಟ ಅವರಿಗೆ. ಗೈಡ್ ಬಿಡಿ, ಸ್ವಂತ ವಾಕ್ಯ ಬರೆಯಿರಿ ಎಂದು ಗಂಟಲು ಹರಿದುಕೊಳ್ಳುತ್ತಿದ್ದರು. ಆ ಮಾತನ್ನು ಮನಸ್ಸಿಗೆ ಹಚ್ಚಿಕೊಂಡವಳು ಮಹಾದೇವಿ ಒಬ್ಬಳೇ. ಹದಿನೈದರ ಹುಡುಗಿ, ಹಗುರ ಕೈ. ನರ್ಸ್ ಆಗುವ ಆಸೆಯಿದೆ ಎಂದು ಒಮ್ಮೆ ನನ್ನ ಮೇಲೆ ಬರೆದಿದ್ದಳು. ಅವಳ ಕೈ ನನಗೆ ಇಷ್ಟವಾಗಿತ್ತು.

ದೀಪಾವಳಿ ರಜೆ ಮುಗಿದ ಮೇಲೆ ಅವಳ ಪಾಳಿ ಬಂತು. ಅಂದಿನ ಪದ ‘ರಿಲಕ್ಟಂಟ್’. ಅರ್ಥ, ಮನಸ್ಸಿಲ್ಲದ. ಅದರ ಕೆಳಗೆ ಅವಳು ಇಂಗ್ಲಿಷಿನಲ್ಲಿ, ಸೋದರಮಾವನನ್ನು ಮದುವೆಯಾಗಲು ನನಗೆ ಮನಸ್ಸಿಲ್ಲ ಎಂದು ಬರೆದಳು. ಸರ್ ಮೆಚ್ಚಿದರು, ಚಪ್ಪಾಳೆ ಬಿತ್ತು. ಮರುದಿನ ಗೆಳತಿಯ ಪಾಳಿಯನ್ನು ಕೇಳಿ ಪಡೆದು ಮತ್ತೆ ಬಂದಳು. ಪದ ‘ಪೋಸ್ಟ್‌ಪೋನ್’, ಮುಂದೂಡು. ನಾಳೆ ಶುಕ್ರವಾರ ನನ್ನ ಮದುವೆ, ದಯವಿಟ್ಟು ಯಾರಾದರೂ ಮುಂದೂಡಿಸಿರಿ ಎಂದು ಬರೆದಳು. ಒತ್ತಿ ಬರೆದದ್ದಕ್ಕೆ ಸೀಮೆಸುಣ್ಣ ಮುರಿಯಿತು. ಓದುವಾಗ ಮಕ್ಕಳ ಕಡೆ ನೋಡಲಿಲ್ಲ, ಸರ್ ಕಡೆಗೇ ನೋಡಿದಳು.

“ಎಷ್ಟ್ ಉದ್ದಂದ ಬರದಾಳ ನೋಡ್ರಿ, ಒಂದೂ ತಪ್ಪಿಲ್ಲ. ಜೋರ್ ಚಪ್ಪಾಳಿ ಹೊಡೀರಿ,” ಎಂದರು ಸರ್.

ಇಡೀ ಅಂಗಳ ಚಪ್ಪಾಳೆ ಹೊಡೆಯಿತು. ನನಗೆ ಬಾಯಿ ಇದ್ದಿದ್ದರೆ ಕೂಗಿಬಿಡುತ್ತಿದ್ದೆ. ಎಂಥ ಜನ ಇವರು ಎಂದು ಸರ್ ಮೇಲೂ ಸಿಟ್ಟು ಬಂತು.

ಶುಕ್ರವಾರ ಅವಳು ಬರಲಿಲ್ಲ. ಪಾಳಿಯ ಹುಡುಗಿ ಒದ್ದೆ ಬಟ್ಟೆ ಎತ್ತಿದ್ದಳು. ಪದ ಹೇಳಲು ಬಂದ ಸರ್ ಕಣ್ಣು ನನ್ನ ಮೇಲೆ ಬಿತ್ತು. ಓದಿದರು, ಮಕ್ಕಳ ಸಾಲು ನೋಡಿದರು, ಮತ್ತೆ ಓದಿದರು. ಒರೆಸಬೇಡ ಎಂದಷ್ಟೇ ಹೇಳಿ ಬೈಕ್ ಹತ್ತಿದರು.

ಸೋಮವಾರ ಅವರು ನನ್ನ ಪಕ್ಕದಲ್ಲೇ ನಿಂತು ಮುಖ್ಯೋಪಾಧ್ಯಾಯಿನಿ ಪದಕಿ ಮೇಡಂಗೆ ಎಲ್ಲ ಹೇಳಿದರು. ಶುಕ್ರವಾರ ಇವರು ಮದುವೆ ಮನೆಗೆ ಹೋಗಿ ಅವಳನ್ನು ಕಾಣುವಷ್ಟರಲ್ಲಿ ತಾಳಿ ಕಟ್ಟಿ ಆಗಿತ್ತು. ಶಾಲೆಯಲ್ಲಿ ಬಾಯಿ ಬಿಡಬಾರದೆಂದು ಮನೆಯವರು ಅವಳಿಂದ ಆಣೆ ಮಾಡಿಸಿದ್ದರು. ಕನ್ನಡದಲ್ಲಿ ಅಂದದ್ದು ಸಂಜೆಯೊಳಗೆ ಮನೆ ಮುಟ್ಟುತ್ತದೆ. ಅದಕ್ಕೇ ಇಂಗ್ಲಿಷಿನಲ್ಲಿ ಬರೆದಿದ್ದಳು. ಸರ್ ಪೊಲೀಸರಿಗೆ ದೂರು ಕೊಟ್ಟು ಬರುವಷ್ಟರಲ್ಲಿ ಹುಡುಗಿಯನ್ನು ಯಾವ ಊರಿಗೆ ಸಾಗಿಸಿದರೋ, ಪತ್ತೆಯಿರಲಿಲ್ಲ.

“ಸಿಟ್ಟಿಗೇಳಲಿಲ್ರಿ ಮೇಡಂ ಆಕಿ,” ಎಂದರು ಸರ್. “‘ನಾ ಬರದಿದ್ದೆನಲ್ರಿ ಸರ್, ನೀವು ಚಪ್ಪಾಳಿ ಹೊಡಸಿದ್ರಿ’ ಅಂದ್ಲು. ಅಷ್ಟ.”

ಅವರ ಮೇಲಿದ್ದ ನನ್ನ ಸಿಟ್ಟು ಅಲ್ಲಿಗೇ ಇಳಿಯಿತು. ಆ ಮನುಷ್ಯ ಅಳುತ್ತಿದ್ದರು.

ಅಂದಿನಿಂದ ಚಪ್ಪಾಳೆ ನಿಂತಿತು. ಯಾರು ಏನೇ ಬರೆಯಲಿ, ಸರ್ ಹತ್ತಿರ ಹೋಗಿ ಮೆಲ್ಲಗೆ, ಇದು ಖರೇನಾ ಎಂದು ಕೇಳುವರು. ಮಕ್ಕಳಿಗೆ ನಗು. ಸುಳ್ಳು ರೀ ಸರ್, ಗೈಡಿನಾಗಿಂದು ಎನ್ನುವರು. ಆಗ ಸರ್ ಉಸಿರು ಬಿಟ್ಟು, ಮುಂದಿನ ಕೆಲಸಕ್ಕೆ ಹೋಗುವರು. ಬಿಸಿಲಿರಲಿ, ಚಳಿಯಿರಲಿ, ದಿನವೂ ಅದೇ ಪ್ರಶ್ನೆ. ಕೇಳಿ ಕೇಳಿ ನನಗೂ ದಣಿವಾಯಿತು, ಅವರಿಗೂ ವಯಸ್ಸಾಯಿತು. ಆದರೂ ಕೇಳುವುದನ್ನು ಬಿಡಲಿಲ್ಲ. ಮಹಾದೇವಿಯ ಸುದ್ದಿ ಮಾತ್ರ ಯಾರೂ ತರಲಿಲ್ಲ.

ಸರ್ ನಿವೃತ್ತರಾದರು. ಹೊಸಬರು ಬಂದರು, ಗೋಡೆಗೆ ದೊಡ್ಡ ಟೀವಿ ಬಂತು. ಪದ, ಅರ್ಥ, ವಾಕ್ಯ ಎಲ್ಲ ಅದರಲ್ಲಿ ತಾವೇ ಮೂಡುತ್ತವಂತೆ. ನನ್ನನ್ನು ಇಳಿಸಿ, ಆಟದ ಸಾಮಾನಿನ ಕೋಣೆಯಲ್ಲಿ ಮುರಿದ ಬೆಂಚಿಗೆ ಒರಗಿಸಿದ್ದಾರೆ. ಇಷ್ಟು ವರ್ಷ ಪದ ಹೊತ್ತೆ, ಆದರೆ ಮೈಯಲ್ಲಿ ಒಂದೂ ಉಳಿದಿಲ್ಲ. ಮಹಾದೇವಿಯ ವಾಕ್ಯವನ್ನೂ ಅದೇ ಒದ್ದೆ ಬಟ್ಟೆ ಒರೆಸಿತು. ಉಳಿದಿರುವುದು ಕೊನೆಯ ದಿನ ಒಬ್ಬ ಹುಡುಗಿ ಬರೆದದ್ದು ಮಾತ್ರ, ಅದನ್ನು ಒರೆಸಲು ಮರುದಿನ ಯಾರೂ ಬರಲಿಲ್ಲ. ನನ್ನ ಅಕ್ಕ ಗಂಡನ ಮನೆಯಲ್ಲಿ ಸುಖವಾಗಿದ್ದಾಳೆ ಎಂದು ಬರೆದಿದೆ.

ಇದು ಖರೇನಾ ಎಂದು ಅವಳನ್ನು ಯಾರೂ ಕೇಳಲಿಲ್ಲ.