ಹತ್ತು ಓಮ್‌ನ ಪೆಟ್ಟಿಗೆ

ಶಿವಾಜಿನಗರದ ಆ ಪಿಯು ಕಾಲೇಜಿನಲ್ಲಿ ಅಂಜನಮೂರ್ತಿ ಇಪ್ಪತ್ತೆರಡು ವರ್ಷದಿಂದ ಫಿಸಿಕ್ಸ್ ಹೇಳಿಕೊಡುತ್ತಿದ್ದರು. ಅವರ ಲ್ಯಾಬಿನಲ್ಲಿ ಆರು ಮರದ ಪೆಟ್ಟಿಗೆಗಳಿದ್ದವು. ಒಂದೊಂದರೊಳಗೂ ಒಂದು ತಂತಿಯ ಸುರುಳಿ, ಮೇಲೆ ಅವರದೇ ದುಂಡು ಅಕ್ಷರದ ಚೀಟಿ: ‘10 ಓಮ್’. ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿದರೆ ರೋಧ, ಎರಡನ್ನೂ ಗುಣಿಸಿದರೆ ಪವರ್. ಮಕ್ಕಳು ವರ್ಷ ವರ್ಷವೂ ಎರಡು ವೋಲ್ಟಿಗೆ 0.2 ಆಂಪಿಯರ್ ಬರೆದು, ಹತ್ತು ಓಮ್, 0.4 ವ್ಯಾಟ್ ಎಂದು ಲೆಕ್ಕ ಒಪ್ಪಿಸುತ್ತಿದ್ದರು. ಒಬ್ಬರದೂ ತಪ್ಪುತ್ತಿರಲಿಲ್ಲ. ಇದು ತಮ್ಮ ಪಾಠದ ಗುಣ ಎಂದೇ ಮೂರ್ತಿಯವರು ನಂಬಿದ್ದರು.

ಜನವರಿಯಲ್ಲಿ ನೌರೀನ್ ಎಂಬ ಹುಡುಗಿ ರೆಕಾರ್ಡ್ ಹಿಡಿದು ಬಂದು ನಿಂತಳು. ಅವಳ ತಾಯಿ ವಾಜಿದಾ ಮಾರ್ಕೆಟ್ ಹಿಂದಿನ ಗಲ್ಲಿಯಲ್ಲಿ ಮಿಕ್ಸಿ, ಇಸ್ತ್ರಿಪೆಟ್ಟಿಗೆ ರಿಪೇರಿ ಮಾಡುವವರು. ತಂತಿ, ಸ್ಕ್ರೂಗಳ ನಡುವೆಯೇ ಬೆಳೆದ ಹುಡುಗಿ.

“ಸರ್, ನಂಗೆ ಹದಿನಾಲ್ಕು ಚಿಲ್ರೆ ಬರ್ತಿದೆ.”

“ಕನೆಕ್ಷನ್ ಲೂಸ್ ಇರತ್ತೆ. ನೋಡು.”

“ನಾಲ್ಕು ಸಲ ಬಿಗಿ ಮಾಡ್ದೆ ಸರ್. ಎರಡು ವೋಲ್ಟಿಗೆ 0.14 ಆಂಪಿಯರೇ ತೋರಿಸ್ತಿದೆ.”

“ಇಡೀ ಕ್ಲಾಸಿಗೆ ಹತ್ತು ಬಂದಿದೆ, ನಿಂಗೊಬ್ಳಿಗೆ ಬೇರೆ ಬರುತ್ತಾ?” ಎಂದು ಅವರು ಎರಡು ಅಂಕ ಕಳೆದರು. ಹುಡುಗಿ ವಾದ ಮಾಡಲಿಲ್ಲ. ಆದರೆ ಬರೆದದ್ದನ್ನು ಹೊಡೆದುಹಾಕಲೂ ಇಲ್ಲ.

ಅದೇ ಅವರನ್ನು ಕಾಡಿತು. ಸಂಜೆ ಎಲ್ಲರೂ ಹೋದ ಮೇಲೆ, ಎಷ್ಟೋ ವರ್ಷಗಳ ನಂತರ, ತಾವೇ ಕೂತು ಮೀಟರುಗಳನ್ನು ಜೋಡಿಸಿದರು. 0.14. ಅಭ್ಯಾಸಬಲದಿಂದ ಬೋರ್ಡಿನ ಮೇಲೆ ಲೆಕ್ಕ ಮಾಡಿದರು: 14.3 ಓಮ್, 0.28 ವ್ಯಾಟ್. ಇನ್ನೊಂದು ಪೆಟ್ಟಿಗೆ ತಂದರು, ಅದೂ ಅಷ್ಟೇ. ಆರಕ್ಕೆ ಆರೂ ಅಷ್ಟೇ.

ಆಗ ನೆನಪಾಯಿತು. ಒಂಬತ್ತು ವರ್ಷದ ಹಿಂದೆ ಸುರುಳಿಗಳೆಲ್ಲ ಸುಟ್ಟುಹೋಗಿ, ಅವರೇ ಎಲ್ಲೋ ಹೊಸದಾಗಿ ಸುತ್ತಿಸಿಕೊಂಡು ಬಂದಿದ್ದರು. ಹಳೇ ಚೀಟಿ ಅಂಟಿಸಿದ್ದರು. ಅಳೆದು ನೋಡಿರಲಿಲ್ಲ. ಒಂಬತ್ತು ವರ್ಷಗಳ ಕಾಲ ಮಕ್ಕಳು ಆ ಚೀಟಿಯನ್ನು ನೋಡಿ ರೀಡಿಂಗ್ ಬರೆದಿದ್ದರು, ಆ ರೀಡಿಂಗ್ ನೋಡಿ ಇವರು ಚೀಟಿಯನ್ನು ನಂಬಿದ್ದರು.

ಪ್ರಾಕ್ಟಿಕಲ್ ಪರೀಕ್ಷೆಗೆ ಹನ್ನೆರಡೇ ದಿನವಿತ್ತು. ಹೊರಗಿನಿಂದ ಎಗ್ಸಾಮಿನರ್ ಬರುತ್ತಾರೆ. ತಪ್ಪು ಒಪ್ಪಿಕೊಳ್ಳುವುದಕ್ಕಿಂತ ತಂತಿ ಕತ್ತರಿಸುವುದು ಸುಲಭ ಎನ್ನಿಸಿತು. ಭಾನುವಾರ ಮಧ್ಯಾಹ್ನ ಆರು ಸುರುಳಿಗಳನ್ನೂ ಕೈಚೀಲದಲ್ಲಿ ಹಾಕಿಕೊಂಡು ಟಿನ್ ಫ್ಯಾಕ್ಟರಿ ಹತ್ತಿರದ ಮೋಟಾರ್ ರಿಪೇರಿ ಅಂಗಡಿಗೆ ಹೋಗಿ, ಒಂದೊಂದನ್ನೂ ಸರಿಯಾಗಿ ಹತ್ತು ಓಮ್ ಬರುವಷ್ಟು ಗಿಡ್ಡ ಮಾಡಿಸಿದರು. ಸೋಮವಾರ ಎಲ್ಲರಿಗಿಂತ ಮೊದಲು ಬಂದು ಪೆಟ್ಟಿಗೆಗಳಲ್ಲಿ ಕೂರಿಸಿದರು. ಈಗ ಚೀಟಿಯೂ ನಿಜ, ತಂತಿಯೂ ನಿಜ. ಮನಸ್ಸು ಹಗುರಾಯಿತು.

ಒಂದೇ ಮರೆವು. ತಾವೇ ಕೂತು ಅಳೆದ ಆ ಸಂಜೆ ಬೋರ್ಡ್ ಒರೆಸಿರಲಿಲ್ಲ. ಮರುದಿನ ಬೆಳಿಗ್ಗೆ ರಿಚರ್ಡ್ಸ್ ಟೌನಿನಿಂದ ಬರುವ, ಅದೇ ಕ್ಲಾಸಿನ ರಯಾನ್ ಅದನ್ನು ನೋಡಿದ್ದ. “ಮಗಾ, ಆನ್ಸರ್ ಹತ್ತಲ್ಲ, ಹದಿನಾಲ್ಕು ಪಾಯಿಂಟ್ ಮೂರು! ಸರ್ ಹ್ಯಾಂಡ್‌ರೈಟಿಂಗೇ ಇದೆ!” ಎಂದು ಕ್ಲಾಸಿಗೆಲ್ಲ ಹಂಚಿದ್ದ.

ಪರೀಕ್ಷೆಯ ದಿನ ಈ ಪ್ರಯೋಗ ಆರು ಜನರಿಗೆ ಬಂತು. ಎಗ್ಸಾಮಿನರ್ ಆಗಿ ಬಂದವರು ಬೆನ್ಸನ್ ಟೌನಿನ ಪ್ರತಿಭಾ ಮೇಡಂ, ಕಟ್ಟುನಿಟ್ಟಿನವರು. ಪೇಪರುಗಳನ್ನು ಓದಿ ಮೂರ್ತಿಯವರನ್ನು ಪಕ್ಕಕ್ಕೆ ಕರೆದರು.

“ಸರ್, ಐದು ಮಕ್ಳು ಚೆನ್ನಾಗಿ ಮಾಡಿದಾರೆ. ಚೀಟಿ ಮೇಲೆ ಹತ್ತು ಅಂತಿದ್ರೂ ಹದಿನಾಲ್ಕು ಪಾಯಿಂಟ್ ಮೂರು ಬರೆದಿದಾರೆ. ಅಂದ್ರೆ ಅಳೆದಿದಾರೆ. ಈ ನೌರೀನ್ ಅನ್ನೋ ಹುಡುಗಿ ಮಾತ್ರ ಚೀಟಿ ನೋಡಿ ಕಾಪಿ ಹೊಡೆದಿದಾಳೆ. ಅವಳಿಗೆ ಸೊನ್ನೆ ಹಾಕ್ತಿದೀನಿ.”

ಅತ್ತ ನೌರೀನ್ ಮೀಟರಿನ ಮುಳ್ಳನ್ನೇ ದಿಟ್ಟಿಸುತ್ತ ಕೂತಿದ್ದಳು. ಮೂರ್ತಿಯವರನ್ನು ಕಂಡು ಮೆಲ್ಲಗೆ ಕೇಳಿದಳು: “ಸರ್, ಇವತ್ತು ಹತ್ತೇ ಬರ್ತಿದೆ. ಹಾಗಾದ್ರೆ ಅವತ್ತು ನಾನೇ ತಪ್ಪಾ?”

ಸುಮ್ಮನಿದ್ದರೆ ಮುಗಿಯುತ್ತಿತ್ತು. ಐದು ಮಕ್ಕಳು ಖುಷಿ, ಮೇಡಂ ಖುಷಿ, ಕಾಲೇಜಿಗೆ ಒಳ್ಳೆ ಹೆಸರು. ಆದರೆ ಆ ಹುಡುಗಿ ತನ್ನ ಕಣ್ಣನ್ನೇ ಅನುಮಾನಿಸುತ್ತಿದ್ದಳು. ಅದನ್ನು ನೋಡಿಕೊಂಡು ನಿಲ್ಲುವುದು ಅವರಿಂದ ಆಗಲಿಲ್ಲ.

“ಮೇಡಂ, ಒಂದ್ನಿಮಿಷ ಬನ್ನಿ” ಎಂದು ಕರೆದು, ಅವರೆದುರೇ ಮೀಟರ್ ಜೋಡಿಸಿದರು. ಎರಡು ವೋಲ್ಟ್, 0.2 ಆಂಪಿಯರ್. ಎಲ್ಲ ಪೆಟ್ಟಿಗೆಗಳಲ್ಲೂ ಅಷ್ಟೇ. ಆಮೇಲೆ ಚೀಟಿ, ಬೋರ್ಡು, ಟಿನ್ ಫ್ಯಾಕ್ಟರಿ ಎಲ್ಲವನ್ನೂ ಹೇಳಿದರು.

ಪ್ರತಿಭಾ ಮೇಡಂ ನೌರೀನಳ ಪೇಪರನ್ನು ಮತ್ತೆ ಕೈಗೆತ್ತಿಕೊಂಡು ನೋಡಿದರು. ಆಮೇಲೆ ನೌರೀನಳಿಗೆ ಪೂರ್ತಿ ಅಂಕ ಹಾಕಿ, ಉಳಿದ ಐವರಿಗೆ ತಮ್ಮೆದುರೇ ಮತ್ತೆ ಮಾಡಲು ಹೇಳಿದರು. ರಯಾನ್ ಅಮ್ಮೀಟರನ್ನು ತಿರುವುಮುರುವು ಜೋಡಿಸಿದ. ಮುಳ್ಳು ಹಿಂದಕ್ಕೆ ಹೋಗಿ ಬಡಿಯಿತು. ಮೂರ್ತಿಯವರು ತಲೆ ತಗ್ಗಿಸಿ ನಿಂತರು. ಅವನಿಗೆ ಪ್ರಯೋಗ ಹೇಳಿಕೊಟ್ಟವರು ಅವರೇ ತಾನೆ.

“ಅವತ್ತೂ ನೀನು ಸರಿ, ಇವತ್ತೂ ನೀನೇ ಸರಿ” ಎಂದರು ನೌರೀನಳಿಗೆ. “ತಪ್ಪು ಪೆಟ್ಟಿಗೇಲಿತ್ತು.”

“ಪೆಟ್ಟಿಗೇಲಾ ಸರ್?”

“ಇಲ್ಲಮ್ಮ. ನನ್ನಲ್ಲೇ.”

ನಡೆದದ್ದನ್ನೆಲ್ಲ ಬರೆದು ಪ್ರಿನ್ಸಿಪಾಲರಿಗೆ ಕೊಟ್ಟರು. ಅವರು ಓದಿ, “ಒಂಬತ್ತು ವರ್ಷದ ಹಿಂದಿನ ವಿಷಯ ಈಗ್ಯಾಕ್ರೀ?” ಎಂದು ಫೈಲಿಗೆ ಸೇರಿಸಿದರು. ಜೂನಿನಲ್ಲಿ ಮೂರ್ತಿಯವರು ಆರೂ ಚೀಟಿಗಳನ್ನು ಕೆರೆದು ತೆಗೆದರು, ತಂತಿಗಳನ್ನು ಬೇರೆ ಬೇರೆ ಅಳತೆಗೆ ಬದಲಿಸಿದರು. ಹೊಸ ಬ್ಯಾಚಿನವರು ಬೋಳು ಪೆಟ್ಟಿಗೆಗಳ ಸುತ್ತ ನಿಂತು ಒಬ್ಬರ ಮುಖ ಒಬ್ಬರು ನೋಡಿದರು. ಕೊನೆಗೆ ಒಬ್ಬ ಹುಡುಗಿ ಕೈ ಎತ್ತಿದಳು.

“ಸರ್, ಆನ್ಸರ್ ಎಷ್ಟು ಬರ್ಬೇಕು?”